ತಲೆಯೊಳಗೊಂದು ಬಿಡಾರ

ಜನವರಿ ೨೧

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡುತ್ತೇನೆ: ಬದುಕಿದ್ದೇನೆ, ಸ್ನಾನ ಮಾಡಿದ್ದೇನೆ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ. ಮುಂದಿನದ್ದನ್ನು ಕೂತು ಓದು.

ಹೋದ ವಾರ ಗೋದಾಮಿನ ಕ್ಯಾಂಟೀನಿನಲ್ಲಿ ಕೈ ತೊಳೆಯುತ್ತಿದ್ದೆ. ಬಲಗೈ ಹೆಬ್ಬೆರಳು ತಾನಾಗಿಯೇ ಕುಣಿಯತೊಡಗಿತು. ಯಾರದೋ ಬೆರಳನ್ನು ನೋಡುವ ಹಾಗೆ ನೋಡುತ್ತ ನಿಂತೆ. ಕುಣಿತ ಮಣಿಕಟ್ಟಿಗೆ ಹತ್ತಿತು, ಮೊಣಕೈಗೆ ಹತ್ತಿತು, ಬಾಯಿಯ ಮೂಲೆಯನ್ನು ಹಿಡಿದು ಎಳೆಯಿತು. ಆಮೇಲಿನದ್ದು ನನಗೆ ಗೊತ್ತಿಲ್ಲ, ಮೇಲಿನವನಿಗೆ ಗೊತ್ತು. ಮೇಲಿನವನೆಂದರೆ ದೇವರಲ್ಲ, ನಮ್ಮ ಕೋಣೆಯ ಎರಡಂತಸ್ತಿನ ಮಂಚದಲ್ಲಿ ನನ್ನ ತಲೆಯ ಮೇಲೆ ಮಲಗುವವನು, ನಮ್ಮ ಭಾಷೆಯವನು, ನನ್ನ ಪಾಳಿಯವನು. ಅವನು ಹೇಳಿದ್ದು ಇಷ್ಟು: "ಅಣ್ಣಾ, ನೀವು ಬಿದ್ದು ಒದ್ದಾಡೋದು ನೋಡಿ ಕರೆಂಟ್ ಹೊಡೀತು ಅಂದ್ಕೊಂಡೆ. ಮುಟ್ಟಿದ್ರೆ ನನ್ಗೂ ಹೊಡಿಯತ್ತಲ್ಲ, ಅದಕ್ಕೆ ಪೊರಕೆ ಕೋಲು ತಗೊಂಡು ನಿಮ್ಮನ್ನ ನಲ್ಲಿಯಿಂದ ದೂರ ತಳ್ದೆ." ನನ್ನ ಪಕ್ಕೆಯಲ್ಲಿ ನೋವೇಕೆ ಎಂದು ಆಸ್ಪತ್ರೆಯವರು ತಲೆ ಕೆಡಿಸಿಕೊಂಡಿದ್ದರು, ಅದಕ್ಕೆ ಕಾರಣ ಪೊರಕೆ.

ಪುಣ್ಯಕ್ಕೆ ಫೋರ್ಕ್‌ಲಿಫ್ಟ್ ಗಾಡಿಯಿಂದ ಇಳಿದಾಗಿತ್ತು. ಅದಕ್ಕಿಂತ ಸ್ವಲ್ಪ ಮುಂಚೆ ನಾನು ಎರಡಾಳೆತ್ತರಕ್ಕೆ ಮಂಜುಗಟ್ಟಿದ ಬಟಾಣಿಯ ಪೆಟ್ಟಿಗೆಗಳನ್ನು ಎತ್ತಿ ಹಿಡಿದಿದ್ದೆ. ಕೆಳಗೆ ಜನ ಓಡಾಡುತ್ತಿದ್ದರು.

ಆಸ್ಪತ್ರೆಯ ಡಾಕ್ಟರಮ್ಮ ಎಷ್ಟು ಉದ್ದವೆಂದರೆ ಬಾಗಿಲಿಗೆ ಬಗ್ಗಿಯೇ ಬರುತ್ತಾಳೆ. ಯಾವ ದೇಶದಿಂದ ಬಂದೆ, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ, ಜ್ವರ ಬಂದಿತ್ತೇ, ತೂಕ ಇಳಿದಿದೆಯೇ ಎಂದೆಲ್ಲ ಕೇಳಿದಳು. ಗೆಡ್ಡೆಯೋ, ಕ್ಷಯದ ಗಂಟೋ ಎಂದು ಮೊದಲು ಅವರಿಗೇ ಅನುಮಾನ. ರಕ್ತ ತೆಗೆದರು, ಎದೆಯ ಚಿತ್ರ ತೆಗೆದರು, ಕೊನೆಗೆ ಕೊಳವೆಯಂಥ ಯಂತ್ರದೊಳಗೆ ನನ್ನನ್ನು ತಳ್ಳಿದರು. ಒಳಗೆ ನಿನ್ನ ಮಗ್ಗದ ಶೆಡ್ಡಿನಷ್ಟೇ ಸದ್ದು. ನನಗೆ ನಿದ್ದೆ ಬಂತು.

ನನಗೆ ಇಲ್ಲಿಯ ಗೋದಾಮಿನ ಮಾತು ಬರುತ್ತದೆ, ತಲೆಯೊಳಗಿನ ಮಾತು ಬರುವುದಿಲ್ಲ. ಅದಕ್ಕೆ ಫೋನಿನಲ್ಲಿ ಒಬ್ಬ ದುಭಾಷಿ ಹೆಂಗಸನ್ನು ಹಿಡಿದರು. ಡಾಕ್ಟರಮ್ಮ ಚಿತ್ರ ತೋರಿಸಿದಳು: ಮಿದುಳಿನ ಎಡಕ್ಕೆ ಒಂದು ಕಪ್ಪು ಗುಳ್ಳೆ, ಗುಳ್ಳೆಯೊಳಗೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ನೋಡಿ, ಗೆಡ್ಡೆಯಲ್ಲ, ಕ್ಷಯವಲ್ಲ ಎಂದು ಅವಳಿಗೆ ಸಮಾಧಾನವಾದದ್ದು ಮುಖದಲ್ಲೇ ಕಂಡಿತು. ಫೋನಿನಾಚೆ ದುಭಾಷಿ ಅವಳ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, "ಸ್ವಾಮಿ, ಅವರು ಹೇಳಿದ್ದನ್ನೇ ಹೇಳ್ತೀನಿ, ನನ್ಮೇಲೆ ಬೇಜಾರಾಗ್ಬೇಡಿ. ನಿಮ್ಮ ತಲೇಲಿ ಹುಳ ಇದೆ ಅಂತಿದ್ದಾರೆ."

"ನಮ್ಮಕ್ಕ ಇದನ್ನ ಚಿಕ್ಕಂದಿನಲ್ಲೇ ಹೇಳಿದ್ಲು" ಅಂದೆ. ದುಭಾಷಿ ನಕ್ಕಳು. ಅನುವಾದ ಮಾತ್ರ ಮಾಡಲಿಲ್ಲ.

ಅದು ಲಾಡಿಹುಳದ ಮರಿಯಂತೆ, ಅಕ್ಕ. ಚುಕ್ಕೆ ಅದರ ತಲೆ. ನನ್ನ ತಲೆಯೊಳಗೆ ಇನ್ನೊಂದು ತಲೆ. ಹಂದಿ ಮಾಂಸ ತಿನ್ನುತ್ತೀಯಾ ಎಂದು ಕೇಳಿದಳು. ಮೊಟ್ಟೆ ಕೂಡ ಮುಟ್ಟಿದವನಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಅದರಿಂದ ಏನೂ ಆಗುವುದಿಲ್ಲವಂತೆ. ಅರೆಬೆಂದ ಆ ಮಾಂಸ ತಿಂದವನ ಹೊಟ್ಟೆಯಲ್ಲಿ ಉದ್ದನೆಯ ಹುಳ ಬೆಳೆಯುತ್ತದೆ. ಅವನಿಗೆ ಹೆಚ್ಚೇನೂ ಕಾಟವಿಲ್ಲ. ಆದರೆ ಅದರ ಮೊಟ್ಟೆ ಅವನ ಕೈಗೆ ಅಂಟಿ, ಕೈಯಿಂದ ಅನ್ನ ನೀರಿಗೆ ಇಳಿದು, ಅದನ್ನು ಉಂಡವರ ಮಿದುಳಿಗೆ ಹೋಗಿ ಬಿಡಾರ ಹೂಡುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಒಂದು ದಿನ ಗದ್ದಲವೆಬ್ಬಿಸುತ್ತದೆ.

ನನ್ನ ಹೊಟ್ಟೆ ನೋಡಿದರು, ಹುಳವಿಲ್ಲ. ಕೋಣೆಯವರೆಲ್ಲರ ಹೊಟ್ಟೆ ನೋಡಿದರು, ಇಲ್ಲ. ಆಗ ಡಾಕ್ಟರಮ್ಮ ಕೇಳಿದಳು, ದುಭಾಷಿ ಮೆಲ್ಲಗೆ ಹೇಳಿದಳು: "ಇಲ್ಲಿಗೆ ಬರೋ ಮುಂಚೆ ನಿಮಗೆ ಅಡುಗೆ ಮಾಡಿ ಹಾಕ್ತಿದ್ದೋರು ಯಾರು?"

ನಾನು "ಅಕ್ಕ" ಅಂದೆ.

ಆ ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಲೇಬೇಕು, ಯಾರೋ ಒಬ್ಬರ ಹೊಟ್ಟೆಯಲ್ಲಿ ಅದು ಇನ್ನೂ ಇರಬಹುದು ಎಂದಳು. ಆದರೆ ಇದನ್ನು ಹೇಗೆ ಕಳಿಸಲಿ? ನಿನ್ನ ಕೈಯ ಊಟದಿಂದ ನನ್ನ ತಲೆಗೆ ಹುಳ ಬಂತು ಎಂದು ಯಾವ ಬಾಯಿಂದ ಹೇಳಲಿ? ಓದಿದ ಮೇಲೆ ನೀನು ಒಲೆಯ ಹತ್ತಿರ ಸುಳಿಯುವುದಿಲ್ಲ. ಇದು ಪೆಟ್ಟಿಗೆಯೊಳಗಿರಲಿ. ನಿನಗೆ ಬೇರೆ ಬರೆಯುತ್ತೇನೆ.

ತಮ್ಮ


ಜನವರಿ ೨೧

ಪ್ರೀತಿಯ ಅಕ್ಕ,

ನಾನಿಲ್ಲಿ ಗಟ್ಟಿ, ಚಳಿಯೂ ಗಟ್ಟಿ, ಊಟಕ್ಕೆ ದಿನಾ ಬೇಯಿಸಿದ ಸೊಪ್ಪಿನ ಜೊತೆ ರೊಟ್ಟಿ. ಗೋದಾಮಿನಲ್ಲಿ ಬಟಾಣಿ, ಬೀದಿಯಲ್ಲಿ ಮಂಜು, ತಲೆಗೆ ಉಣ್ಣೆ ಟೋಪಿ, ಕಾಲಿಗೆ ಬೂಟು, ಕೈಗೆ ಬಿಡುವಿಲ್ಲ, ಬಾಯಿಗೆ ಮಾತಿಲ್ಲ. ಹೆದರುವಂಥದ್ದು ಏನೂ ಇಲ್ಲ.

ಒಂದು ಸಣ್ಣ ಕೆಲಸ. ನೀನು, ಭಾವ, ಮಗಳು ಮೂವರೂ ಮಲ ಪರೀಕ್ಷೆ ಮಾಡಿಸಿ ವರದಿ ಕಳಿಸಿ. ನಗಬೇಡ. ಇಲ್ಲಿಯ ದೊಡ್ಡವರು ಕೇಳಿದ್ದಾರೆ. ಏಕೆಂದು ಆಮೇಲೆ ಬರೆಯುತ್ತೇನೆ. ತಡ ಮಾಡಬೇಡಿ.

ತಮ್ಮ


ಫೆಬ್ರವರಿ ೯

ಪ್ರೀತಿಯ ತಮ್ಮ,

ಸಮುದ್ರದಾಚೆಯಿಂದ ಅಂಚೆಚೀಟಿ ಹಚ್ಚಿ ಮಲ ಕೇಳಿದವನು ಲೋಕದಲ್ಲಿ ನೀನೊಬ್ಬನೇ ಇರಬೇಕು. ಕಾಗದ ಒಡೆಯುವಾಗ ಮಗಳು ಪಕ್ಕದಲ್ಲಿದ್ದಳು. "ಮಾವ ಏನ್ ಕಳ್ಸಿದಾರಮ್ಮ?" ಎಂದಳು. "ಕಳ್ಸಿಲ್ಲ, ಕೇಳಿದಾನೆ" ಎಂದೆ.

ಏಕೆಂದು ನಾನು ಊಹಿಸಿಯೇ ಇರಲಿಲ್ಲ. ಊಹಿಸಿದವರು ನಿನ್ನ ಭಾವ. ಲಾರಿಯಿಂದ ಇಳಿದು ಬಂದವರು ನಿಂತ ಕಾಲಲ್ಲೇ ಓದಿ, "ಲೇ, ನಿನ್ ತಮ್ಮ ನಮ್ಮನ್ನ ಕರೆಸ್ಕೊಳ್ತಿದಾನೆ ಕಣೇ! ದೊಡ್ಡೋರು ಕೇಳಿದಾರಂತೆ ಅಂದ್ರೆ ಇನ್ನೇನು? ವೀಸಾ!" ಎಂದರು. ಯೋಚಿಸಿದರೆ ಸರಿಯೇ ಅನ್ನಿಸಿತು. ನೀನು ಹೋಗುವ ಮುಂಚೆ ನಿನ್ನಿಂದಲೂ ರಕ್ತ, ಮೂತ್ರ, ಎದೆಯ ಚಿತ್ರ ಎಲ್ಲ ಕೇಳಿರಲಿಲ್ಲವೇ? ಆಸ್ಪತ್ರೆಯ ಕಾರಿಡಾರಿನಲ್ಲಿ ಡಬ್ಬಿ ಹಿಡಿದು ನಿಂತು ನೀನು ಬೆವರಿದ್ದನ್ನು ನಾನು ಮರೆತಿಲ್ಲ. ಆಸೆ ಹುಟ್ಟಿಸಿ ಆಮೇಲೆ ಆಗದಿದ್ದರೆ ಎಂದು ಬಾಯಿಬಿಟ್ಟು ಹೇಳಿಲ್ಲ, ಅಲ್ಲವೇ? ನಿನ್ನ ಹಳೆಯ ಚಾಳಿ.

ನಾನು ಯಾರಿಗೂ ಹೇಳಲಿಲ್ಲ. ಭಾವ ಹೇಳಿದರು. ಅವರು ಹೇಳಿದ್ದು ಒಬ್ಬ ಕ್ಲೀನರನಿಗೆ. ಈಗ ದಾರಿಯುದ್ದದ ಪಂಕ್ಚರ್ ಅಂಗಡಿಗಳಿಗೆಲ್ಲ ಗೊತ್ತು. ಎದುರುಮನೆ ಟೈಲರಮ್ಮ ನನ್ನನ್ನು ತಡೆದು ನಿಲ್ಲಿಸಿ ಉಣ್ಣೆ ಕೋಟಿಗೆ ಅಳತೆ ತೆಗೆದುಕೊಂಡಳು. "ಅಲ್ಲಿ ಚಳಿಗೆ ನಿಮ್ಮ ಈ ಸೆರಗು ಸಾಲಲ್ಲ ಅಕ್ಕಾ" ಎಂದಳು. ಮಗಳು ಆ ಭಾಷೆಯನ್ನು ಫೋನಿನಲ್ಲಿ ಕಲಿಯುತ್ತಿದ್ದಾಳೆ. ನನಗೂ ದಿನಕ್ಕೊಂದು ಪಾಠ. ನನ್ನ ಕಿವಿ ಮಗ್ಗದ ಸದ್ದಿಗೆ ಯಾವಾಗಲೋ ಹೋಯಿತಲ್ಲ, ಅವಳ ತುಟಿ ನೋಡಿ ಕಲಿಯುತ್ತೇನೆ. "ಅಮ್ಮಾ, ನೀನು ಮಾತಾಡೋದಲ್ಲ, ಕೂಗೋದು" ಎನ್ನುತ್ತಾಳೆ. ಅಲ್ಲಿಯವರೂ ಸ್ವಲ್ಪ ಕಿವುಡರಾಗಿದ್ದರೆ ಒಳ್ಳೆಯದು.

ನಿಜ ಹೇಳಲೇ? ನನಗೆ ಈ ಶೆಡ್ಡು ಸಾಕಾಗಿದೆ. ನಿನ್ನ ಕಾಗದ ಬಂದ ಮೇಲೆ ಮೊದಲ ಸಲ ಅದನ್ನು ಒಪ್ಪಿಕೊಂಡೆ. ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡ, ಕೈ ಸ್ವಲ್ಪ ದಣಿದಿದೆ.

ಅಕ್ಕ


ಫೆಬ್ರವರಿ ೨೮

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ನಕ್ಕೆ. ನಕ್ಕ ಮೇಲೆ ಇನ್ನೊಮ್ಮೆ ಓದಿದೆ, ಆಗ ನಗು ಬರಲಿಲ್ಲ.

ನಿನ್ನ ಊಹೆಗೆ ಈಗಲೇ ಹೌದು ಎನ್ನಲಾರೆ, ಅಲ್ಲ ಎಂದೂ ಅನ್ನಲಾರೆ. ಇಂಥ ಕೆಲಸ ಇಲ್ಲಿ ಆಮೆಯ ನಡಿಗೆ, ಅದಕ್ಕೊಂದು ಮಿತಿ, ಇದಕ್ಕೊಂದು ತಡೆ, ಕಚೇರಿಯಿಂದ ಕಚೇರಿಗೆ ನಡೆ. ಟೈಲರಮ್ಮನಿಗೆ ಕೋಟು ನಿಧಾನಕ್ಕೆ ಹೊಲಿಯಲು ಹೇಳು.

ನನಗೆ ಗಾಡಿ ಓಡಿಸುವುದನ್ನು ಬಿಡಿಸಿ ಲೇಬಲ್ ಅಂಟಿಸುವ ಮೇಜಿಗೆ ಹಾಕಿದ್ದಾರೆ. ಕೂತು ಮಾಡುವ ಕೆಲಸ, ಒಂಥರಾ ಬಡ್ತಿ ಎಂದುಕೊಳ್ಳಬಹುದು. ಮೇಲ್ವಿಚಾರಕ ಬಂದು ಬಂದು ಹೆಗಲು ಮುಟ್ಟಿ ಮಾತಾಡಿಸುತ್ತಾನೆ. ಮೊದಲೆಲ್ಲ ದೂರದಿಂದ ಶಿಳ್ಳೆ ಹೊಡೆಯುತ್ತಿದ್ದ. ಕಣ್ಣು ಪರೀಕ್ಷೆ ಮಾಡಿಸಿದೆ, ಒಳಗೆ ಏನೂ ಇಲ್ಲವೆಂದರು. ಮಾತ್ರೆ ತಿನ್ನುತ್ತಿದ್ದೇನೆ, ಶಕ್ತಿಗೆ. ಆಗಾಗ ತಲೆನೋವು, ಅದು ಚಳಿಗೆ.

ನಿಮ್ಮ ವರದಿ ಏಕೆ ಬಂದಿಲ್ಲ? ದಯವಿಟ್ಟು ಬೇಗ. ಇದೊಂದು ತಮಾಷೆಯಲ್ಲ ಅಕ್ಕ.

ತಮ್ಮ


ಮಾರ್ಚ್ ೧೭

ಪ್ರೀತಿಯ ತಮ್ಮ,

ವರದಿ ಇಟ್ಟಿದ್ದೇನೆ. ಮೂವರದೂ ಶುದ್ಧ, ಹುಳವಿಲ್ಲ, ಹುಪ್ಪಟೆಯಿಲ್ಲ. ನಿನ್ನ ದೊಡ್ಡವರಿಗೆ ತೋರಿಸಿ ನಮ್ಮ ಮನೆತನದ ಮಾನ ಎತ್ತಿ ಹಿಡಿ.

ನಿನ್ನೊಬ್ಬನಿಗೆ ಹೇಳುತ್ತೇನೆ, ಭಾವನಿಗೆ ಗೊತ್ತಾದರೆ ರೇಗುತ್ತಾರೆ. ಆ ಬೆಳಿಗ್ಗೆ ಮೂರು ಡಬ್ಬಿ ತಂದರು. ತಮ್ಮದನ್ನು ಮುಟ್ಟಲೇ ಇಲ್ಲ. "ನಂದು ರೋಡಲ್ಲಿ ತಿನ್ನೋ ಹೊಟ್ಟೆ ಕಣೇ, ಅದರಲ್ಲಿ ಏನೇನಿರತ್ತೋ. ನನ್ನಿಂದ ನಿಮ್ಮಿಬ್ಬರ ವೀಸಾ ಯಾಕೆ ಕೆಡ್ಬೇಕು?" ಎಂದರು. ನಾನೂ ನನ್ನದಕ್ಕೆ ಹೆದರಿದೆ. ಕೊನೆಗೆ ಮನೆಯಲ್ಲಿ ಗಟ್ಟಿಮುಟ್ಟಾದವಳೆಂದರೆ ಮಗಳೇ ಎಂದು ತೀರ್ಮಾನಿಸಿ ಮೂರಕ್ಕೂ ಅವಳದನ್ನೇ ತುಂಬಿದೆವು. ಅವಳು ಎರಡು ದಿನ ನಮ್ಮಿಬ್ಬರೊಡನೆಯೂ ಮಾತು ಬಿಟ್ಟಳು. ಲ್ಯಾಬಿನವನು, "ಏನಮ್ಮ, ಮೂವರದೂ ಒಂದೇ ಥರ ಇದೆ?" ಎಂದ. ಭಾವ ತಡವರಿಸದೆ, "ಒಂದೇ ಪಾತ್ರೆ ಊಟ ಸಾರ್, ಬೇರೆ ಬೇರೆ ಹೆಂಗಿರತ್ತೆ?" ಎಂದರು. ದೊಡ್ಡವರಿಗೆ ಇದೆಲ್ಲ ತಿಳಿಯುವುದಿಲ್ಲ, ಅಲ್ಲವೇ?

ಇನ್ನೊಂದಿದೆ. ಅಲ್ಲಿ ಯಾರಾದರೂ ಕೇಳಿದರೂ ನೀನು ಬಾಯಿಬಿಡಬಾರದು. ನನ್ನ ಬಲಗೈ ಬೆರಳುಗಳು ಆಗಾಗ ತಾವಾಗಿಯೇ ಕುಣಿಯುತ್ತವೆ. ನಾನು ಬೇಡವೆಂದರೂ ನಿಲ್ಲುವುದಿಲ್ಲ. ಆಮೇಲೆ ಕೈ ತೊಗಟೆಯ ಹಾಗೆ ಜೋಮು ಹಿಡಿಯುತ್ತದೆ. ಕೆಲಸದ ದಣಿವೆಂದು ಬಿಟ್ಟಿದ್ದೆ. ಹೋದ ಗುರುವಾರ ಮಗ್ಗದ ಪಕ್ಕದಲ್ಲಿ ನಿಂತಿದ್ದವಳಿಗೆ ಬಾಯಿ ಒಂದು ಕಡೆ ಎಳೆದ ಹಾಗಾಯಿತು, ಅಷ್ಟೇ ನೆನಪು. ಎದ್ದಾಗ ನಾಲಿಗೆ ಕಚ್ಚಿಕೊಂಡಿದ್ದೆ. ಪಕ್ಕದ ಮಗ್ಗದವಳು ಸ್ವಿಚ್ಚು ಆರಿಸಿ ಓಡಿ ಬಂದಿದ್ದಳಂತೆ. "ಸೆರಗು ಬೆಲ್ಟಿಗೆ ಇಷ್ಟೇ ದೂರ ಇತ್ತಲ್ಲೇ ತಾಯಿ" ಎಂದು ಅತ್ತಳು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ತಲೆ ಸುತ್ತಿತು ಎಂದು ಎಲ್ಲರ ಬಾಯಿ ಮುಚ್ಚಿಸಿದ್ದೇನೆ. ಮರುದಿನವೇ ಕೆಲಸಕ್ಕೆ ಹೋದೆ. ವೀಸಾದವರು ಎದುರು ಕೂರಿಸಿ ಮಾತಾಡಿಸುವಾಗ ಕೈ ಕುಣಿದರೆ ಏನು ಮಾಡಲಿ? ಮಡಿಲಲ್ಲಿ ಬಚ್ಚಿಟ್ಟುಕೊಳ್ಳಬಹುದಲ್ಲ?

ಮಗಳಿಗೂ ಗೊತ್ತಿಲ್ಲ. ನೀನೂ ಮರೆತುಬಿಡು.

ಅಕ್ಕ


ಏಪ್ರಿಲ್ ೨

ಅಕ್ಕ,

ಈ ಕಾಗದ ತಲುಪುವ ಹೊತ್ತಿಗೆ ಭಾವ ನಿನ್ನನ್ನು ಮಗ್ಗದ ಹತ್ತಿರ ಬಿಡುತ್ತಿರುವುದಿಲ್ಲ. ನಿನ್ನ ಕಾಗದ ಓದಿದ ಕೂಡಲೇ ಅವರಿಗೆ ಫೋನು ಮಾಡಿದೆ. ಎಲ್ಲೋ ಹೆದ್ದಾರಿಯಲ್ಲಿದ್ದರು. "ಅಕ್ಕ ಶೆಡ್ಡಿಗೆ ಕಾಲಿಡಬಾರ್ದು, ಒಲೆ ಮುಂದೆ ಒಬ್ಬಳೇ ಕೂರಬಾರ್ದು, ಕೆರೆ ಬಾವಿ ಕಡೆ ಹೋಗ್ಬಾರ್ದು, ನಾಳೇನೇ ದೊಡ್ಡಾಸ್ಪತ್ರೇಲಿ ತಲೆ ಸ್ಕ್ಯಾನ್ ಮಾಡಿಸಿ" ಎಂದೆ. "ಯಾಕೋ? ವೀಸಾಕ್ಕೆ ಅದೂ ಬೇಕಾ?" ಎಂದರು. ವೀಸಾ ಇಲ್ಲ ಭಾವ ಎಂದೆ. ಆ ಕಡೆ ಲಾರಿ ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿತು.

ವೀಸಾ ಇಲ್ಲ ಅಕ್ಕ. ನಾನು ಕೇಳಿರಲೂ ಇಲ್ಲ. ನಿನ್ನ ಕೈಗೆ ಆಗುತ್ತಿರುವುದು ನನ್ನ ಕೈಗೆ ಜನವರಿಯಲ್ಲಿ ಆಯಿತು. ಅದೇ ಬೆರಳು, ಅದೇ ಬಾಯಿಯ ಮೂಲೆ. ಆ ದಿನ ಎಲ್ಲವನ್ನೂ ಬರೆದಿದ್ದೆ, ಕಳಿಸಲಿಲ್ಲ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಓದಿದರೆ ಡಬ್ಬಿಗಳನ್ನು ಏಕೆ ಕೇಳಿದೆನೆಂದು ತಿಳಿಯುತ್ತದೆ. ದೊಡ್ಡವರೆಂದರೆ ಆಸ್ಪತ್ರೆಯವರು. ನನಗೆ ಶಕ್ತಿಮಾತ್ರೆ ಕೊಟ್ಟಿರಲಿಲ್ಲ, ಹುಳದ ಮಾತ್ರೆ ಕೊಟ್ಟಿದ್ದರು. ನನಗೆ ಬಡ್ತಿ ಬಂದಿರಲಿಲ್ಲ, ಗಾಡಿ ಕಿತ್ತುಕೊಂಡಿದ್ದರು. ಫಿಟ್ಸ್ ಬಂದವನ ಕೈಗೆ ಫೋರ್ಕ್‌ಲಿಫ್ಟ್ ಕೊಡುವುದಿಲ್ಲ.

ನಿನ್ನ ವರದಿಗಳನ್ನು ಡಾಕ್ಟರಮ್ಮನಿಗೆ ತೋರಿಸಿ, ಅವು ಮೂರೂ ಒಬ್ಬಳದೇ ಎಂದು ಹೇಳಬೇಕಾಯಿತು. ದುಭಾಷಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಡಾಕ್ಟರಮ್ಮ ಬೈಯಲಿಲ್ಲ. "ಅವರಿಗೆ ಕಾರಣ ಹೇಳಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಭಾವ ತಮ್ಮದೇ ಡಬ್ಬಿ ಕೊಡಬೇಕು. ನೀನೂ ನಿನ್ನದೇ ಕೊಡಬೇಕು. ನಿನಗೆ ಫಿಟ್ಸ್ ತಡೆಯುವ ಮಾತ್ರೆ ಮೊದಲು, ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಆಮೇಲೆ ಹುಳದ್ದು. ಇದೇ ಕ್ರಮ. ವಾಸಿಯಾಗುವ ಕಾಯಿಲೆ ಅಕ್ಕ, ಏನೂ ಆಗುವುದಿಲ್ಲ.

ತಮ್ಮ


ಏಪ್ರಿಲ್ ೨೪

ತಮ್ಮ,

ಸ್ಕ್ಯಾನ್ ಆಯಿತು. ನಿನಗೆ ಒಂದು ಗುಳ್ಳೆ, ನನಗೆ ನಾಲ್ಕು. ಎಷ್ಟಾದರೂ ಅಕ್ಕನಲ್ಲವೇ.

ನಿನ್ನ ಎರಡೂ ಕಾಗದ ಓದಿದೆ. ನಿನ್ನ ಭಾವ ಎದುರಿಗೆ ಕೂತಿದ್ದರು. ಲಾಡಿಹುಳ ಎಂದಿದ್ದೆಯಲ್ಲ, ಆ ಸಾಲು ಅವರಿಗೆ ಜೋರಾಗಿ ಓದಿ ಹೇಳಿದೆ. ಮುಖ ನೆಲಕ್ಕೆ ಹೋಯಿತು. ತಲೆಯೆತ್ತದೆ, "ಬಿಳೀ ಲಾಡಿ ಚೂರಿನಂಥದ್ದು ಬೀಳ್ತಿತ್ತು ಕಣೇ. ತುಂಬ ವರ್ಷ ಆಯ್ತು. ನಾಚ್ಕೆ ಆಯ್ತು, ಯಾರಿಗ್ ಹೇಳ್ಲಿ?" ಎಂದರು. ರಸ್ತೆ ಬದಿಯ ಅಂಗಡಿಗಳಲ್ಲಿ ಏನೆಲ್ಲ ತಿನ್ನುತ್ತಿದ್ದರೆಂದೂ ಹೇಳಿದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮನೆಗೆ ಬಂದಾಗಲೆಲ್ಲ ನನ್ನ ಕೈಗೆ ಬಿಡುವಾಗಲೆಂದು ಪ್ರೀತಿಯಿಂದ ಸೌತೆಕಾಯಿ ಹೆಚ್ಚಿ ಕೊಡುತ್ತಿದ್ದರಲ್ಲ, ಆ ಕೈ. ಈ ಸಲ ಅವರದೇ ಡಬ್ಬಿ ಕೊಟ್ಟರು. ಇತ್ತು. ಒಂದು ಮಾತ್ರೆಯಲ್ಲಿ ಅವರದು ಮುಗಿಯಿತು. ಮಗಳನ್ನೂ ಸ್ಕ್ಯಾನ್ ಮಾಡಿಸಿದೆವು, ಅವಳ ತಲೆಯಲ್ಲಿ ಏನೂ ಇಲ್ಲ. ಅದೊಂದರಿಂದಲೇ ನನಗೆ ನಿದ್ದೆ.

ನನ್ನ ಕೈಯ ಊಟದಿಂದ ಬಂತೆಂದರೆ ನನಗೆ ನೋವಾಗುತ್ತದೆಂದು ಮುಚ್ಚಿಟ್ಟೆಯಂತೆ. ನೋವಾಯಿತು. ಆದರೆ ಜನವರಿಯಲ್ಲಿ ಆಗಬೇಕಾದ ನೋವು ಏಪ್ರಿಲಿನಲ್ಲಿ ಆಯಿತು, ಅಷ್ಟೇ ನೀನು ಉಳಿಸಿದ್ದು. ನಡುವೆ ನಾನು ಮಗ್ಗದ ಬೆಲ್ಟಿನ ಪಕ್ಕದಲ್ಲಿ ನಿಂತು ನಿನ್ನ ಊರಿನ ಭಾಷೆ ಕಲಿಯುತ್ತಿದ್ದೆ. ಕೋಟು ಹೊಲಿದು ಮುಗಿದಿದೆ. ಟೈಲರಮ್ಮ ಗುಂಡಿಯನ್ನೂ ಹಾಕಿದ್ದಾಳೆ.

ಹುಳದ ಮಾತ್ರೆ ಶುರು ಮಾಡಿದ್ದರು, ಊತ ತಡೆಯುವ ಮಾತ್ರೆಯೊಂದಿಗೆ. ಮೂರನೆಯ ದಿನ ತಲೆ ಸೀಳಿದ ಹಾಗಾಯಿತು. ಬೆಳಕು ನೋಡಲಾಗಲಿಲ್ಲ, ತಿಂದದ್ದೆಲ್ಲ ವಾಂತಿ. ನಿಲ್ಲಿಸಿಬಿಟ್ಟೆ. ಇಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವನು. "ಅಮ್ಮಾ, ಹುಳ ಸಾಯುವಾಗ ಹಂಗಾಗತ್ತೆ, ಊತದ ಮಾತ್ರೆ ಜಾಸ್ತಿ ಮಾಡ್ತೀನಿ, ವಾರ್ಡಿಗೆ ಸೇರ್ಕೊಳ್ಳಿ, ಅರ್ಧಕ್ಕೆ ಬಿಡ್ಬೇಡಿ" ಎನ್ನುತ್ತಾನೆ. ಭಾವ, "ನಿನ್ ತಮ್ಮನೂ ಅದನ್ನೇ ಹೇಳಿದಾನೆ, ಏನೂ ಆಗಲ್ವಂತೆ" ಎನ್ನುತ್ತಾರೆ. ಏನೂ ಆಗುವುದಿಲ್ಲ ಎಂದು ನೀನು ಬರೆದ ಕಾಗದಗಳು ನನ್ನ ಹತ್ತಿರ ಸಾಲಾಗಿವೆ. ಒಂದರಲ್ಲೂ ಏನೂ ಆಗದೆ ಇರಲಿಲ್ಲ. ಆ ಹುಡುಗ ಡಾಕ್ಟರನೂ ನನ್ನ ಮುಖ ನೋಡಿ ಕನಿಕರದಿಂದ ಹೇಳುತ್ತಿರಬಹುದು. ಸುತ್ತಲೂ ಕನಿಕರದವರೇ ಆದರೆ ಯಾರ ಮಾತು ನಂಬಲಿ? ಫಿಟ್ಸಿನ ಮಾತ್ರೆ ಬಿಟ್ಟಿಲ್ಲ. ಹುಳದ್ದು ಮಾತ್ರ ಮುಟ್ಟುವುದಿಲ್ಲ. ತಿಂಗಳೊಳಗೆ ತೀರ್ಮಾನ ಹೇಳಿ ಎಂದು ಡಾಕ್ಟರು ಹೇಳಿದ್ದಾನೆ.

ನಿನಗೆ ಒಂದೇ ಪ್ರಶ್ನೆ. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ನಮ್ಮನ್ನು ಅಲ್ಲಿಗೆ ಕರೆಸಿಕೊಳ್ಳಬೇಕೆಂದು ನಿನಗೆ ಅನ್ನಿಸಿತ್ತೇ? ಪ್ರಾಸ ಕಟ್ಟಿ ತಪ್ಪಿಸಿಕೊಳ್ಳಬೇಡ. ಹೌದು, ಇಲ್ಲ, ಎರಡರಲ್ಲಿ ಒಂದು ಬರೆ.

ಅಕ್ಕ


ಮೇ ೮

ಅಕ್ಕ,

ಇಲ್ಲ.

ಅನ್ನಿಸಿರಲಿಲ್ಲ. ಹೌದು ಎಂದು ಬರೆದು ಒಂದು ಹಾಳೆ ಕೆಡಿಸಿದೆ. ಆಮೇಲೆ ಇದನ್ನು ತೆಗೆದುಕೊಂಡೆ. ಅಲ್ಲಿದ್ದಾಗ ನಾನು ನಿನ್ನ ತಮ್ಮ, ಭಾವನ ಭಾವಮೈದ, ಮಗಳ ಮಾವ. ಇಲ್ಲಿ ಯಾರಿಗೂ ಏನೂ ಅಲ್ಲ, ಮಂಚದ ಕೆಳಗಿನ ಅಂತಸ್ತಿನವನು. ಅದು ನನಗೆ ಹಿಡಿಸಿತು. ರಜೆಯ ದಿನ ಯಾರಿಗೂ ಹೇಳದೆ ಎದ್ದು ಹೋಗಿ ಬಂದರಿನಲ್ಲಿ ಹಡಗು ನೋಡುತ್ತ ಕೂರುತ್ತೇನೆ. ನೀವು ಬಂದರೆ ಅದು ಹೋಗುತ್ತದೆಂದು ಒಳಗೊಳಗೇ ಹೆದರುತ್ತಿದ್ದೆ. ನಿನ್ನ ವೀಸಾದ ಕಾಗದ ಬಂದಾಗ ಅಲ್ಲ ಎನ್ನಲಿಲ್ಲವಲ್ಲ, ಅದು ನಿನ್ನ ಮನಸ್ಸು ನೋಯುತ್ತದೆಂದಷ್ಟೇ ಅಲ್ಲ. ನೀನು ಎಷ್ಟು ಆಸೆಯಿಂದ ಬರೆದಿದ್ದೆಯೆಂದು ನೋಡಿ ನನಗೆ ನಾಚಿಕೆಯಾಗಿತ್ತು.

ಇನ್ನು ಮಾತ್ರೆಯ ವಿಷಯ. ಏನೂ ಆಗುವುದಿಲ್ಲ ಎಂದದ್ದು ಸುಳ್ಳು. ನನಗೆ ಒಂದೇ ಗುಳ್ಳೆ ಇದ್ದದ್ದಕ್ಕೇ ಆ ಮಾತ್ರೆ ತಿಂದ ವಾರ ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದೆ. ಮೇಲಿನವನ ಎದುರಿಗೆ ಅತ್ತೆ. ಅವನು ನನ್ನ ತಲೆಗೆ ಒದ್ದೆ ಬಟ್ಟೆ ಸುತ್ತಿ, "ಅಣ್ಣಾ, ಒಳಗಡೆ ಒಂದು ಸಾಯ್ತಿದೆ, ನೀವಲ್ಲ" ಎನ್ನುತ್ತಿದ್ದ. ಅವನಿಗೂ ನಂಬಿಕೆ ಇದ್ದಂತೆ ಕಾಣಲಿಲ್ಲ. ಡಾಕ್ಟರಮ್ಮ ಊತದ ಮಾತ್ರೆ ಹೆಚ್ಚಿಸಿದಳು, ಎರಡು ದಿನಕ್ಕೆ ನೋವು ಇಳಿಯಿತು. ನಿನಗೆ ನಾಲ್ಕಿವೆ. ನಿನಗೆ ನನಗಿಂತ ಜೋರಾಗಿಯೇ ಬರಬಹುದು. ಅದಕ್ಕೇ ವಾರ್ಡಿಗೆ ಸೇರಿಕೋ ಎನ್ನುತ್ತಿದ್ದಾರೆ. ಒಬ್ಬಳೇ ಮನೆಯಲ್ಲಿ ಮಾಡುವ ಕೆಲಸವಲ್ಲ.

ಮೊನ್ನೆ ನನ್ನ ತಲೆಯ ಎರಡನೆಯ ಚಿತ್ರ ತೆಗೆದರು. ಗುಳ್ಳೆ ಕುಗ್ಗಿದೆ, ಒಳಗಿನ ಚುಕ್ಕೆ ಕಾಣುವುದಿಲ್ಲ. ಪೂರ್ತಿ ಹೋಗಿಲ್ಲ, ಒಂದು ಗಾಯದ ಗುರುತು ಉಳಿಯುತ್ತದಂತೆ. ಫಿಟ್ಸಿನ ಮಾತ್ರೆ ಇನ್ನೂ ಬಹಳ ದಿನ. ಗಾಡಿ ಮತ್ತೆ ಕೊಡುತ್ತಾರೋ ಇಲ್ಲವೋ ಹೇಳಿಲ್ಲ, ನಾನೂ ಕೇಳಿಲ್ಲ.

ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಕೇಳಿದೆ. "ಹುಳ ಅಲ್ಲೇ ಇರತ್ತೆ, ಯಾವತ್ತು ಏನು ಮಾಡತ್ತೆ ಅಂತ ಹೇಳಕ್ಕಾಗಲ್ಲ" ಎಂದಳು. ನನಗೆ ಗೊತ್ತಿರುವುದು ಇಷ್ಟೇ. ಇದಕ್ಕಿಂತ ಒಳ್ಳೆಯದನ್ನು ಬರೆಯಬಹುದಿತ್ತು. ಬರೆದಿಲ್ಲ.

ತಮ್ಮ


ಮೇ ೨೬

ತಮ್ಮ,

ಮೊದಲ ಪದ ಓದಿ ಕಾಗದ ಮಡಿಸಿ ಇಟ್ಟೆ. ಉಳಿದದ್ದನ್ನು ಮರುದಿನ ಓದಿದೆ.

ಕೋಪ ಬಂದಿಲ್ಲ ಎಂದು ಬರೆದರೆ ನಾನೂ ನಿನ್ನ ಹಾಗೆಯೇ ಆದೆ. ಬಂದಿದೆ. ನಿನ್ನ ಹಡಗಿಗೂ, ನಿನ್ನ ಮಂಚದ ಕೆಳ ಅಂತಸ್ತಿಗೂ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದೆ. ಬಚ್ಚಲು ತೊಳೆಯುತ್ತ ಇನ್ನಷ್ಟು ಬೈದೆ. ನನಗೆ ಕೇಳಿಸುವುದಿಲ್ಲವಲ್ಲ, ಮಗಳು ಓಡಿ ಬಂದು, "ಅಮ್ಮಾ, ಬೀದಿಗೆಲ್ಲ ಕೇಳ್ತಿದೆ" ಎಂದಳು. ಕೇಳಲಿ ಎಂದೆ. ಕೋಟನ್ನು ಟೈಲರಮ್ಮ ವಾಪಸು ತೆಗೆದುಕೊಳ್ಳುವುದಿಲ್ಲವಂತೆ. "ನಿಮ್ಮ ಅಳತೆಗೆ ಇನ್ಯಾರಿದ್ದಾರೆ ಅಕ್ಕಾ?" ಎಂದಳು. ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ನಿನ್ನ ಕಾಗದವನ್ನು ಆ ಹುಡುಗ ಡಾಕ್ಟರನಿಗೆ ತೋರಿಸಿದೆ. ತಲೆನೋವಿನ ಭಾಗ ಮಾತ್ರ, ಮೇಲಿನ ಭಾಗವನ್ನು ಮಡಿಸಿ. "ನಿಮ್ಮ ತಮ್ಮ ಸರಿಯಾಗಿ ಬರೆದಿದ್ದಾರೆ, ನಾನು ಹೆದರ್ತೀರಿ ಅಂತ ಇಷ್ಟು ಬಿಡಿಸಿ ಹೇಳಿರ್ಲಿಲ್ಲ" ಎಂದ. ಹೆದರಿಸುವವನೇ ನನಗೆ ಬೇಕಿತ್ತಪ್ಪ ಎಂದೆ. ಜೋರಾಗಿ ಬರಬಹುದು ಎಂದು ನೀನು ಬರೆದೆಯಲ್ಲ, ಅದನ್ನು ಓದಿದಾಗಲೇ ನನ್ನ ಎದೆಬಡಿತ ಇಳಿದದ್ದು. ನಾವು ಬೇಡವೆಂದು ನನ್ನ ಮುಖಕ್ಕೆ ಹೇಳಬಲ್ಲವನು ಮಾತ್ರೆಯ ವಿಷಯದಲ್ಲಿ ನನ್ನನ್ನು ಸಮಾಧಾನಪಡಿಸಲು ಹೋಗುವುದಿಲ್ಲ.

ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯ ಪಕ್ಕದ ಹಾಸಿಗೆ. ಪರದೆ ಎಳೆದಿಟ್ಟಿದ್ದಾರೆ, ಆಮೇಲೆ ಬೆಳಕು ಬೇಡವೆನಿಸುತ್ತದೆಂದು ಈಗಲೇ. ನರ್ಸು ಮಾತ್ರೆ ಕೊಟ್ಟು ಹೋದಳು. ನಿನ್ನ ಭಾವ ಲೋಟ ಹಿಡಿದು ಮಂಚದ ಕಾಲ ಬಳಿ ನಿಂತಿದ್ದಾರೆ. ಬಿಳಿ ಚೂರಿನ ಮಾತು ಹೊರಬಿದ್ದ ದಿನದಿಂದ ಅವರ ಕೈಯಿಂದ ನಾನು ಏನನ್ನೂ ತೆಗೆದುಕೊಂಡಿರಲಿಲ್ಲ, ಅವರೂ ಏನನ್ನೂ ಕೊಡಲು ಬಂದಿರಲಿಲ್ಲ. "ಕೈ ತೊಳೆದ್ರಾ?" ಎಂದು ಕೇಳಿದೆ. ಲೋಟ ಕೆಳಗಿಟ್ಟು ಎರಡೂ ಅಂಗೈ ಬಿಡಿಸಿ ತೋರಿಸಿದರು. ಇನ್ನೂ ಒದ್ದೆಯಾಗಿದ್ದವು.

ಕುಡಿದೆ. ಮಾತ್ರೆ ಒಳಗೆ ಹೋಯಿತು.

ಅಕ್ಕ